ವಯಸ್ಸು ಕದ್ದವಳು

"ವಯಸ್ಸು ಕದ್ದು ಕೆಲಸಕ್ಕೆ ಸೇರಿದ್ದೀಯೇನೇ, ಕಳ್ಳ ಮುಂಡೆ?"

ಸಾಹುಕಾರ ಹೀಗೆ ಕೂಗಿದ್ದು ಯಾವುದೋ ಹರೆಯದ ಹುಡುಗಿಗಲ್ಲ, ನಮ್ಮ ಇಸ್ತ್ರಿ ಅಜ್ಜಿಗೆ. ಬಾಯಲ್ಲಿ ಹಲ್ಲಿಲ್ಲ, ಮೊಮ್ಮಗಳಿಗೆ ಮದುವೆಯಾಗಿದೆ. ಅಂಥವಳ ಸೀರೆಯ ಹಿಂದೆ ರಕ್ತದ ಕಲೆ ಕಂಡಿತ್ತು.

ನಮ್ಮದು ಲಾಡ್ಜು-ಆಸ್ಪತ್ರೆಗಳ ಬಿಳಿ ಬಟ್ಟೆ ಒಗೆದು ಇಸ್ತ್ರಿ ಹಾಕುವ ಲಾಂಡ್ರಿ. ಮುಟ್ಟು ನಿಂತ ಹೆಂಗಸರಿಗೆ ಮಾತ್ರ ಇಲ್ಲಿ ಕೆಲಸ. "ತಿಂಗಳ ರಗಳೆ ಇಲ್ಲ, ಬಸಿರು ಬಾಣಂತನ ಇಲ್ಲ," ಎಂದು ಸಾಹುಕಾರ ಬಂದವರಿಗೆಲ್ಲ ನಮ್ಮನ್ನು ಸಂತೆಯ ಎಮ್ಮೆಗಳಂತೆ ತೋರಿಸುತ್ತಿದ್ದ. ಮುದುಕಿಯರ ಉದ್ಧಾರಕ ಎಂದು ಅವನಿಗೆ ಸನ್ಮಾನವೂ ಆಗಿದೆ!

ನಿಂತು ನಿಂತು ನಮ್ಮ ಮಂಡಿಗಳು ಸತ್ತುಹೋಗಿದ್ದವು. ಕೂತು ಕೆಲಸ ಮಾಡಲು ಸ್ಟೂಲು ಕೇಳಿದೆವು. ಸಾಹುಕಾರ ಡಾಕ್ಟರನ್ನು ಕರೆತಂದ. "ಸ್ಟೂಲು ಕೊಟ್ರೆ ಸೋಮಾರಿತನ ಬರುತ್ತೆ, ಸೂಜಿ ಚುಚ್ಚಿಸಿದ್ರೆ ಶಕ್ತಿ ಬರುತ್ತೆ" ಎಂದ. ಮೊದಲ ಇಂಜೆಕ್ಷನ್ ಅಜ್ಜಿಯ ಮಂಡಿಗೆ ಬಿತ್ತು. ನೋವೇನೋ ಹೋಯಿತು. ಕೆಲವು ದಿನ ಕಳೆದ ಮೇಲೆ ಇದು ಶುರುವಾಯಿತು. ಅಜ್ಜಿಯ ಅಕ್ಕ ಹೀಗೇ ರಕ್ತ ಹೋಗಿ, ಗರ್ಭಕೋಶದ ಕ್ಯಾನ್ಸರ್ ಎಂದು ಗೊತ್ತಾಗುವಷ್ಟರಲ್ಲಿ ಸತ್ತವಳು. ಜೀವಭಯ ಒಂದು ಕಡೆ, ಕೆಲಸ ಹೋಗುವ ಭಯ ಇನ್ನೊಂದು ಕಡೆ. ಅಜ್ಜಿ ಹಳೇ ಬಟ್ಟೆ ಕಟ್ಟಿಕೊಂಡು ಬಾಯಿ ಮುಚ್ಚಿ ಇಸ್ತ್ರಿ ಒತ್ತುತ್ತಿದ್ದಳು.

"ಮುಟ್ಟು ನಿಂತಿದ್ದು ಯಾವಾಗ ಅಂತ ಬೊಗಳು!" ಸಾಹುಕಾರ ಮತ್ತೆ ಕೂಗಿದ.

"ನೀವಿನ್ನೂ ಚಡ್ಡಿ ಹಾಕ್ಕೊಂಡು ಓಡಾಡ್ತಿದ್ರಿ ಸ್ವಾಮಿ, ಆವಾಗ್ಲೇ ನಿಂತುಹೋಯ್ತು."

ನಾವು ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡೆವು.

ಕಳ್ಳತನ ಸಾಬೀತಾಗಲಿ ಎಂದು ಸಾಹುಕಾರ ಅದೇ ಡಾಕ್ಟರನ್ನು ಕರೆಸಿದ. ಡಾಕ್ಟರ್ ತಲೆ ಕೆರೆದುಕೊಂಡ. "ಆ ಔಷಧಿಯಿಂದ ಕೆಲವರಿಗೆ ಹೀಗಾಗುತ್ತೆ. ತಾನಾಗೇ ನಿಲ್ಲಲೂಬಹುದು. ಆದ್ರೆ ಔಷಧಿಯಿಂದಾನೇ ಅಂದ್ಕೊಂಡು ಸುಮ್ನಿರಬಾರ್ದು. ದೊಡ್ಡಾಸ್ಪತ್ರೇಲಿ ಸ್ಕ್ಯಾನ್ ಮಾಡಿಸ್ಲೇಬೇಕು."

"ಚುಚ್ಚೋಕೆ ಮುಂಚೆ ಯಾಕಪ್ಪಾ ಹೇಳ್ಲಿಲ್ಲ?" ಎಂದಳು ಅಜ್ಜಿ.

"ಹೇಳಿದ್ರೆ ಹೆದರ್ಕೋತೀರಾ ಅಂತ ಸಾಹುಕಾರ್ರು..."

ಅಯ್ಯೋ ಪಾಪ, ನಮ್ಮ ಮೇಲೆ ಎಂಥಾ ಅಕ್ಕರೆ!

"ಆಸ್ಪತ್ರೆ ಗೀಸ್ಪತ್ರೆ ನಿನ್ನ ಮಕ್ಕಳು ನೋಡ್ಕೊಳ್ಲಿ. ನಾಳೆಯಿಂದ ಬರಬೇಡ," ಎಂದು ಸಾಹುಕಾರ ಮಹಡಿ ಹತ್ತಿದ. ಅವನ ಮನೆ ಮೇಲೆಯೇ ಇದೆ.

ಆ ಮನೆಯ ಬಟ್ಟೆಯನ್ನೂ ಪುಕ್ಕಟೆ ಒಗೆಯುವವಳು ನಾನು. ಯಾರ ಹಾಸಿಗೆಯಲ್ಲಿ ಏನಾಯಿತೆಂದು ದೇವರಿಗಿಂತ ಮೊದಲು ಒಗೆಯುವವಳಿಗೆ ಗೊತ್ತಾಗುತ್ತದೆ. ಮಧ್ಯಾಹ್ನ ಮೇಲಿಂದ ಬಂದ ಗಂಟು ಬಿಚ್ಚಿದೆ. ಸಾಹುಕಾರನ ತಾಯಿಯ ಹಾಸಿಗೆ ಬಟ್ಟೆ, ರಕ್ತದ ಕಲೆ. ಡಾಕ್ಟರು ಹೇಗೂ ಬಂದಿದ್ದಾರಲ್ಲ ಎಂದು ಮಗರಾಯ ಅಜ್ಜಿಗೆ ಚುಚ್ಚಿಸಿದ ದಿನವೇ ಹೆತ್ತವಳ ಮಂಡಿಗೂ ಚುಚ್ಚಿಸಿದ್ದ. ಆಕೆ ಅಜ್ಜಿಗಿಂತ ದೊಡ್ಡವಳು. ನಾನು ಹೋಗಿ ಅಜ್ಜಿಯ ಕಿವಿಯಲ್ಲಿ ಹೇಳಿದೆ.

ಅಷ್ಟರಲ್ಲಿ ಹೊರಗೆ ಕಾರಿನ ಸದ್ದಾಯಿತು. ಸಾಹುಕಾರ ತಾಯಿಯನ್ನು ಹಿಂದಿನ ಸೀಟಿಗೆ ಹತ್ತಿಸುತ್ತಿದ್ದ. ಅಜ್ಜಿ ಇಸ್ತ್ರಿಪೆಟ್ಟಿಗೆ ಇಟ್ಟು ನಡೆದಳು, ಅವಳ ಹಿಂದೆ ನಾವು.

"ಎಲ್ಲಿಗೆ ಹೊರಟ್ರಿ ಸ್ವಾಮಿ?"

"ಅಮ್ಮಂಗೆ ಹುಷಾರಿಲ್ಲ. ದೊಡ್ಡಾಸ್ಪತ್ರೆಗೆ. ನಡಿಯೇ ಆಚೆ!"

ನನಗೆ ತಡೆಯಲಾಗಲಿಲ್ಲ. "ನಿಮ್ಮಮ್ಮನೂ ವಯಸ್ಸು ಕದ್ದವ್ರಾ ಸಾಹುಕಾರ್ರೇ? ಹುಷಾರು, ನಿಮಗೊಬ್ಬ ತಮ್ಮ ಹುಟ್ಟಿಬಿಟ್ಟಾನು!"

ಅವನು ನನ್ನ ಕಡೆ ಕೈಯೆತ್ತಿ ಬರುವಷ್ಟರಲ್ಲಿ ಅಜ್ಜಿ ಆಚೆ ಬದಿಯ ಬಾಗಿಲು ತೆಗೆದು ತಾಯಿಯ ಪಕ್ಕದ ಸೀಟಿನ ಮೇಲೆ ಕೂತೇಬಿಟ್ಟಳು.

"ಇಳಿಯೇ ರಂಡೆ! ಸೀಟು ಹಾಳಾಗುತ್ತೆ!"

"ಆಗ್ಲಿ. ಇಬ್ರಿಗೂ ಒಂದೇ ಔಷಧಿ ಚುಚ್ಚಿಸಿದ್ದೀರಿ. ಇಬ್ರನ್ನೂ ಕರ್ಕೊಂಡು ನಡೀರಿ."

ಅವನು ಅಜ್ಜಿಯ ರಟ್ಟೆ ಹಿಡಿದು ಎಳೆದ. ಅಜ್ಜಿ ಮುಂದಿನ ಸೀಟನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದಳು. ಅಲ್ಲಿಯವರೆಗೂ ಕಿಟಕಿಯಾಚೆ ನೋಡುತ್ತಿದ್ದ ತಾಯಿ ಈ ಕಡೆ ತಿರುಗಿದಳು.

"ನಿಂಗೂ ಕಿಬ್ಬೊಟ್ಟೆ ಹಿಂಡುತ್ತಾ?" ಎಂದು ಕೇಳಿದಳು.

"ಹೂಂ ತಾಯಿ," ಎಂದಳು ಅಜ್ಜಿ.

ಸಾಹುಕಾರ ಇನ್ನೂ ಎಳೆಯುತ್ತಲೇ ಇದ್ದ. ನಾವು ಹೋಗಿ ಗೇಟಿಗೆ ಅಗಳಿ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತೆವು. ಹೋದರೆ ಇಬ್ಬರೂ ಹೋಗಬೇಕು.