ಬಿಡಪ್ಪ ಹರಿಹರಕ್ಕೆ ಹೋದದ್ದು

ಹರಿಹರದಲ್ಲಿ ನಮ್ಮ ಕಾಲೇಜಿನ ಫುಟ್‌ಬಾಲ್ ಟೀಮು ಎರಡು–ಒಂದರಿಂದ ಗೆದ್ದಿತು ಎಂದರೆ ಒಂದೇ ಸಾಲಿಗೆ ಮುಗಿದುಹೋಗುತ್ತದೆ. ದಾವಣಗೆರೆ ಪೇಟೆಯಲ್ಲಿ ಬಹಳ ಜನ ಹಾಗೆ ಹೇಳಿಯೇ ಮುಗಿಸಿದರು. ನನಗೆ ಮಾತ್ರ ಅಷ್ಟಕ್ಕೆ ಬಿಡಲು ಆಗುತ್ತಿಲ್ಲ. ಆಟದ ಕೊನೆಯಲ್ಲಿ ನಮ್ಮ ಗೋಲಿನ ಪಕ್ಕದಲ್ಲೇ ನಿಂತಿದ್ದವನು ನಾನು.

ನಮ್ಮ ಕಾಲೇಜು ಎನ್ನುತ್ತೇನೆಯೇ ಹೊರತು ಅಲ್ಲಿ ಓದಿದವನಲ್ಲ. ಕಾಲೇಜಿಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಸೈಕಲ್ ಷಾಪು. ಬಾಲಿನ ಬ್ಲಾಡರ್ ತೂತಾದರೆ ಹುಡುಗರು ನನ್ನ ಹತ್ತಿರ ತರುತ್ತಾರೆ. ಪ್ಯಾಚ್ ಹಾಕಿ, ಪಂಪು ಹೊಡೆದು, ಚರ್ಮದ ಬಾಯಿಗೆ ಲೇಸು ಬಿಗಿದು ಕೊಡುತ್ತೇನೆ. ನಾನು ತುಂಬಿದ ಗಾಳಿ ಮೈದಾನದಲ್ಲಿ ಉರುಳಾಡುತ್ತಿರುವಾಗ ಷಾಪಿನಲ್ಲಿ ಕೂತು ಚೈನಿಗೆ ಎಣ್ಣೆ ಬಿಡುವುದು ಹೇಗೆ? ಬಾಗಿಲು ಹಾಕಿ ಹೊರಟುಬಿಡುತ್ತೇನೆ.

ಮೊದಲು ಹಾಲೇಶಪ್ಪನ ವಿಷಯ ಹೇಳಬೇಕು. ಆವರಗೆರೆಯ ಒಕ್ಕಲುತನದ ಮನೆಯ ಹುಡುಗ, ಟೀಮಿನ ಗೋಲಿ, ಅಂದರೆ ಗೋಲು ಕಾಯುವವನು. ಕೈ ಚಾಚಿದರೆ ಬೇವಿನ ಕೊಂಬೆಯಷ್ಟು ಉದ್ದ. ಮಾತು ಮಾತ್ರ ಬಹಳ ಕಡಿಮೆ. ಅವರ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ಅವನೊಬ್ಬನೇ. ಅವನ ತಾಯಿ ಯಲ್ಲಕ್ಕ ಸಂತೆಗೆ ಬಂದಾಗ ನನ್ನ ಷಾಪಿನ ಮುಂದೆ ನಿಂತು, "ಬೋರಣ್ಣ, ನಮ್ ಹುಡುಗ ಚಂದಾಗಿ ಓದ್ತಾನಾ?" ಎಂದು ಕೇಳುತ್ತಿದ್ದಳು. ಸೈಕಲ್ ಷಾಪಿನವನಿಗೇನು ಗೊತ್ತು? "ಓದ್ತಾನೆ ತಗಳವ್ವ" ಎನ್ನುತ್ತಿದ್ದೆ.

ಹೋದ ವರ್ಷ, ಅಂದರೆ ಅರವತ್ಮೂರರಲ್ಲಿ, ಇದೇ ಹರಿಹರದ ಕಾರ್ಖಾನೆ ಹುಡುಗರ ಟೀಮಿನ ಮೇಲೆ ಇದೇ ಷೀಲ್ಡಿಗೆ ಆಡುವಾಗ ಒಂದು ಅವಾಂತರವಾಯಿತು. ಬಾಲು ನಿಧಾನಕ್ಕೆ ನಮ್ಮ ಗೋಲಿನ ಕಡೆ ಉರುಳುತ್ತಿತ್ತು. ನಮ್ಮ ಬ್ಯಾಕು ಕರಿಬಸವರಾಜ ಹಿಂದಿನಿಂದ "ಬಿಡು, ಬಿಡು!" ಎಂದು ಕೂಗಿದ. ಅವನು ಅಂದದ್ದು ಒದ್ದು ಬಿಡು, ಜೋರಾಗಿ ಒಂದು ಬಿಡು ಎಂದು. ಹಾಲೇಶಪ್ಪ ತಿಳಿದದ್ದು ಸುಮ್ಮನೆ ಬಿಡು, ನಾನು ನೋಡಿಕೊಳ್ಳುತ್ತೇನೆ ಎಂದು. ಬೀಗರಿಗೆ ದಾರಿ ಬಿಡುವ ಹಾಗೆ ಪಕ್ಕಕ್ಕೆ ಸರಿದು ನಿಂತ. ಬಾಲು ಅವನ ಮುಂದೆಯೇ ಉರುಳಿ ಒಳಗೆ ಹೋಯಿತು. ಸೋತೆವು.

"ಯಾಕಲೇ ಸರಿದೆ?" ಎಂದು ಎಲ್ಲರೂ ಕೇಳಿದರೆ ಅವನದು ಒಂದೇ ಉತ್ತರ: "ಬಿಡು ಅಂದ, ಬಿಟ್ಟೆ."

ಹರಿಹರದಲ್ಲಿ ಖುದ್ದೂಸ್ ಎಂಬಾತನಿದ್ದಾನೆ. ಕಾರ್ಖಾನೆಯಲ್ಲಿ ಫಿಟ್ಟರು; ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲು ಕಹಳೆಯಾಗಿದೆ. ಅವನು ಅಲ್ಲಿಯೇ ನಾಮಕರಣ ಮಾಡಿಬಿಟ್ಟ: "ಬಿಡಪ್ಪ!" ನಮ್ಮ ಕಡೆ ಹೆಸರುಗಳ ಕೊನೆಗೆ ಅಪ್ಪ ಇದ್ದೇ ಇರುತ್ತದಲ್ಲ, ಅಳತೆ ತೆಗೆದು ಹೊಲಿಸಿದ ಅಂಗಿಯಂತೆ ಕೂತುಬಿಟ್ಟಿತು. ನಾವು ದಾವಣಗೆರೆ ಮುಟ್ಟುವ ಹೊತ್ತಿಗೆ ಹೆಸರು ನಮಗಿಂತ ಮುಂಚೆ ಬಂದು ಕೂತಿತ್ತು. ಕ್ಲಾಸಿನಲ್ಲಿ ಹಾಜರಿ ಕೂಗಿದರೆ ಹಿಂದಿನ ಬೆಂಚಿನವರು "ಬಿಡಪ್ಪ ಬಂದಾನೆ ಸಾರ್" ಎನ್ನುತ್ತಿದ್ದರು. ಹೋಟೆಲಿನಲ್ಲಿ ದೋಸೆ ತರುವವನು "ಬೆಣ್ಣೆ ಹಾಕ್ಲಾ, ಬಿಡಪ್ಪಾ?" ಎನ್ನುತ್ತಿದ್ದ. ನಮ್ಮ ಸೀಮೆಯಲ್ಲಿ ಅಡ್ಡಹೆಸರು ಒಬ್ಬನ ಮೇಲೆ ಬಿದ್ದರೆ ಮೊಮ್ಮಕ್ಕಳವರೆಗೂ ಹೋಗುತ್ತದೆ. ಕಡೆಗೆ ಆವರಗೆರೆಯಲ್ಲಿ ಯಲ್ಲಕ್ಕನನ್ನೇ "ಬಿಡಪ್ಪನ ತಾಯಿ" ಎಂದರಂತೆ.

ಈ ಸಲದ ಪಂದ್ಯದ ಹಿಂದಿನ ದಿನ ಬಾಲು ತೆಗೆದುಕೊಂಡು ಹೋಗಲು ಹಾಲೇಶಪ್ಪ ಷಾಪಿಗೆ ಬಂದ.

"ಬೋರಣ್ಣ, ನಾಳೆ ಏನಾರ ಸೋತ್ರೆ ಕಾಲೇಜ್ ಬಿಡ್ತೀನಿ."

"ಥೂ! ಬಾಲಿಗೂ ಬಿಎಗೂ ಏನಲೇ ಸಂಬಂಧ?"

"ಕಾಲೇಜಿನಾಗೆ ಯಾರೂ ನನ್ ಹೆಸರು ಕರಿಯಲ್ಲ. ಮಿಲ್ಲಿನಾಗೆ ಸೇರ್ಕಂತೀನಿ. ಅಲ್ಲಿ ಸದ್ದಿಗೆ ಯಾರ ಮಾತೂ ಕೇಳಲ್ಲಂತೆ."

ಅವನು ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ತಮಾಷೆಗೆ ಅಂದದ್ದಲ್ಲ ಎಂದು ಗೊತ್ತಾಯಿತು. ಲೇಸು ಬಿಗಿದು ಬಾಲು ಕೊಟ್ಟೆ. ಕಂಕುಳಲ್ಲಿಟ್ಟುಕೊಂಡು ಹೋದ.

ಹರಿಹರಕ್ಕೆ ನಾವು ಹೋದದ್ದು ಅರಳೆ ಲಾರಿಯಲ್ಲಿ. ಕರಿಬಸವರಾಜನ ತಂದೆ ಶಿವಮೂರ್ತಪ್ಪನವರದು ಹತ್ತಿ ವ್ಯಾಪಾರ. ಮಿಲ್ಲಿಗೆ ಅರಳೆ ಇಳಿಸಿದ ಲಾರಿಯನ್ನು ಹಾಗೆಯೇ ಕಳಿಸಿಕೊಟ್ಟಿದ್ದರು. ಡ್ರೈವರ್ ಮಕ್ತುಮ್ ಸಾಬ್ ಹಿಂದೆ ತಿರುಗಿ, "ಗೆದ್ರೆ ವಾಪಸ್ ಕರ್ಕಂಡ್ ಬರ್ತೀನಿ, ಸೋತ್ರೆ ನಡ್ಕಂಡ್ ಬರ್ರಿ" ಎಂದ. ಹಲಗೆಗಳ ಸಂದಿಯಲ್ಲಿ ಸಿಕ್ಕಿದ್ದ ಅರಳೆಯೆಲ್ಲ ಗಾಳಿಗೆ ಎದ್ದು ನಮ್ಮ ಮೇಲೆ ಕೂತಿತು. ಹರಿಹರದಲ್ಲಿ ಇಳಿದಾಗ ಹದಿನೆಂಟು ಇಪ್ಪತ್ತರ ಹುಡುಗರಿಗೆಲ್ಲ ತಲೆ, ಹುಬ್ಬು, ಮೀಸೆ ಬೆಳ್ಳಗೆ.

"ಏನ್ರಪ್ಪೋ, ದಾವಣಗೆರೆಯಿಂದ ಪಿಂಚಣಿದಾರರ ಟೀಮ್ ಬಂದೈತೆ! ಕುರ್ಚಿ ಹಾಕ್ರಿ, ಕೂಡ್ರಿಸ್ರಿ!" ಖುದ್ದೂಸನ ಗಂಟಲು. ಮೈದಾನವೆಲ್ಲ ನಕ್ಕಿತು. ಸುಳ್ಳು ಯಾಕೆ, ನನಗೂ ನಗು ಬಂತು.

ಹಾಲೇಶಪ್ಪ ನಗಲಿಲ್ಲ. ಅಂಗಿಯ ಮೇಲಿನ ಅರಳೆಯನ್ನು ಒಂದೊಂದಾಗಿ ಬಿಡಿಸಿ ಬೆರಳಲ್ಲಿ ಉಂಡೆ ಮಾಡುತ್ತಿದ್ದ. ಅದನ್ನು ಏನು ಮಾಡಿದ ಎಂದು ಆಗ ನಾನು ನೋಡಲಿಲ್ಲ.

ಆಟ ಶುರುವಾಯಿತು. ಖುದ್ದೂಸ್ ತನ್ನ ದಂಡು ಕಟ್ಟಿಕೊಂಡು ನಮ್ಮ ಗೋಲಿನ ಹಿಂದೆಯೇ ಬಂದು ನಿಂತಿದ್ದ. ಹತ್ತಿರ ಬಾಲು ಬರಲಿ ಬಿಡಲಿ, "ಬಿಡಪ್ಪಾ! ಬಿಡಪ್ಪಾ!" ಎಂದು ಒಂದೇ ರಾಗ. ಹಾಲೇಶಪ್ಪ ತಿರುಗಿಯೂ ನೋಡುತ್ತಿಲ್ಲ. ಭಲೇ, ಗಟ್ಟಿಯಾಗಿದ್ದಾನೆ ಎಂದುಕೊಂಡೆ.

ಹರಿಹರದವರಲ್ಲಿ ಗುತ್ತೆಪ್ಪ ಎಂಬ ಹೊಸ ಆಟಗಾರನಿದ್ದ. ಪಕ್ಕದ ಗುತ್ತೂರಿನವನು, ಈ ಬೇಸಗೆಯಲ್ಲಷ್ಟೇ ಕಾರ್ಖಾನೆ ಸೇರಿದವನು. ಹೋರಿಯ ಕಾಲು ಅವನದು. ಅವನೊಮ್ಮೆ ಬಾಲನ್ನು ಎತ್ತಿ ನಮ್ಮ ಗೋಲಿನ ಮುಂದೆ ಹಾಕಿದ. ಕರಿಬಸವರಾಜ "ನಂದು, ನಂದು!" ಎಂದು ಕೂಗಿಕೊಂಡೇ ಓಡಿದ. ಹಾಲೇಶಪ್ಪನೂ ಓಡಿದ. ಇಬ್ಬರೂ ಟಗರುಗಳಂತೆ ಢೀ ಹೊಡೆದು ಬಿದ್ದರು. ಬಿದ್ದ ಬಾಲನ್ನು ಗುತ್ತೆಪ್ಪ ಬಂದು ಆರಾಮವಾಗಿ ಒಳಗೆ ತಳ್ಳಿದ. ಒಂದು–ಸೊನ್ನೆ.

ಅರ್ಧ ಆಟಕ್ಕೆ ಬಿಟ್ಟಾಗ ಕರಿಬಸವರಾಜ ಹಣೆಯ ಮೇಲೆ ಊದಿದ್ದ ಬೋರೆ ಒತ್ತಿಕೊಳ್ಳುತ್ತಾ ಬಂದ.

"ನಂದು ಅಂತ ಊರಿಗೆಲ್ಲ ಕೇಳಂಗೆ ಒದರಿದ್ನಲ್ಲಲೇ! ಕಿವಿ ಏನ್ ಕಿವುಡಾ ನಿಂಗೆ?"

ಹಾಲೇಶಪ್ಪ ಅವನ ಬಾಯನ್ನೇ ನೋಡುತ್ತಾ ನಿಂತ. ಕರಿಬಸವರಾಜನಿಗೆ ಅನುಮಾನ ಬಂತು. ಅವನ ತಲೆ ಹಿಡಿದು ಓರೆ ಮಾಡಿ, ಕಿವಿಯೊಳಗಿಂದ ಅರಳೆಯ ಉಂಡೆಯೊಂದನ್ನು ಎಳೆದು ತೆಗೆದ. ಇನ್ನೊಂದು ಕಿವಿಯಲ್ಲೂ ಒಂದು.

"ನಮ್ಮಪ್ಪನ ಅರಳೆ!" ಎಂದು ಕರಿಬಸವರಾಜ ಬಾಯಿ ಬಿಟ್ಟ. "ಮೊದಲ್ನೇ ದರ್ಜೆ ಅರಳೆನ ಕಿವಿಗೆ ತುರುಕ್ಕಂಡು ಗೋಲ್ ಕಾಯ್ತಾನಲ್ರೋ ಇವನು!"

"ಅವರು ಅನ್ನಾದು ಕೇಳಬಾರ್ದು ಅಂತ," ಎಂದ ಹಾಲೇಶಪ್ಪ.

ಬೈಯಲು ತೆರೆದ ಬಾಯನ್ನು ಕರಿಬಸವರಾಜ ಮುಚ್ಚಿದ. ಹೋದ ವರ್ಷ ಕೂಗಿದ್ದು ತಾನೇ ಎಂಬುದು ಅವನಿಗೂ ನೆನಪಾಗಿರಬೇಕು. ಆಮೇಲೆ ಟೀಮನ್ನೆಲ್ಲ ಹತ್ತಿರ ಕರೆದ.

"ನೋಡ್ರಿ, ಇವತ್ತು ನಮ್ಮೋರು ಯಾರೂ ಬಿಡು ಅನ್ನಂಗಿಲ್ಲ. ಒದಿ ಅನ್ರಿ, ಹಿಡಿ ಅನ್ರಿ. ಲೇ ಹಾಲೇಶಿ, ಬಿಡು ಅನ್ನ ಮಾತು ಕಿವಿಗೆ ಬಿತ್ತಾ, ಅದು ಹರಿಹರದ ಮಾತು. ನಿಂಗಲ್ಲ ಅಂತ ತಿಳ್ಕ."

ಎರಡನೇ ಅರ್ಧದಲ್ಲಿ ಗಾಳಿ ಎದುರು. ಹೊಳೆಯ ಕಡೆಯಿಂದ ಬೀಸುತ್ತಿತ್ತು. ನಾವು ಒದ್ದ ಬಾಲು ಮನಸ್ಸಿಲ್ಲದವರಂತೆ ಅರ್ಧಕ್ಕೇ ಬೀಳುತ್ತಿತ್ತು. ಸಾಲದ್ದಕ್ಕೆ ನಮ್ಮ ಹುಡುಗನೊಬ್ಬ ಕಾಲು ಉಳುಕಿಸಿಕೊಂಡು ಹೊರಗೆ ಬಂದ. ಅವನ ಬದಲಿಗೆ ಇನ್ನೊಬ್ಬನನ್ನು ಇಳಿಸುವ ಪದ್ಧತಿ ಇಲ್ಲ. ಹತ್ತೇ ಜನ ಆಡಬೇಕು. ಆದರೂ ಕರಿಬಸವರಾಜ ದೂರದಿಂದ ಒಂದು ಫ್ರೀಕಿಕ್ ನೆಲಕ್ಕಂಟಿಸಿ ಹೊಡೆದ. ಗಾಳಿಗೆ ಸಿಗದೆ, ಯಾರ್ಯಾರದೋ ಕಾಲಸಂದಿಯಲ್ಲಿ ನುಸುಳಿ ಒಳಗೆ ಹೋಯಿತು. ಸಮ. ಆಮೇಲೆ ಅವರ ಗೋಲಿನ ಮುಂದೆ ಜನವೆಲ್ಲ ಒಂದೇ ಕಡೆ ಸೇರಿ ಮಣ್ಣೆಬ್ಬಿಸಿದಾಗ ಎರಡನೆಯದೂ ಬಿತ್ತು. ಅದು ಯಾರ ಕಾಲಿನದು ಎಂದು ಇವತ್ತಿಗೂ ಮೂವರು ಜಗಳವಾಡುತ್ತಾರೆ.

ಅಲ್ಲಿಂದಾಚೆ ನಮ್ಮ ಗೋಲಿನ ಕಡೆ ನುಗ್ಗಿದ ಹರಿಹರದವರು ಹಿಂದಕ್ಕೆ ಸರಿಯಲೇ ಇಲ್ಲ. ನಮ್ಮ ಹತ್ತೂ ಜನ ಗೋಲಿನ ಮುಂದೆ ಬಿದ್ದು, ಎದ್ದು, ಎದೆಯಿಂದ, ಹೊಟ್ಟೆಯಿಂದ ಬಾಲನ್ನು ತಡೆದರು. ನಾನು ಇನ್ನೊಂದು ತುದಿಯಿಂದ ಓಡಿ ಬಂದು ಗೋಲಿನ ಕಂಬದ ಪಕ್ಕ ನಿಂತೆ. ಖುದ್ದೂಸನ ದಂಡೂ ಜಾಗ ಬದಲಿಸಿಕೊಂಡು ಅಲ್ಲಿಗೇ ಬಂದಿತ್ತು. ಈಗ ಅದು ಹತ್ತಿಪ್ಪತ್ತು ಜನರಲ್ಲ, ಅರ್ಧ ಹರಿಹರ. ಹಾಲೇಶಪ್ಪನ ಕಿವಿಗಳು ಖಾಲಿ. ಒಂದೊಂದು ಕೂಗಿಗೂ ಅವನ ಕತ್ತಿನ ನರ ಬಿಗಿಯುವುದು ನನಗೆ ಕಾಣುತ್ತಿತ್ತು.

ಇನ್ನೇನು ಮುಗಿಯಬೇಕು. ಗುತ್ತೆಪ್ಪ ನಮ್ಮವರನ್ನು ತಪ್ಪಿಸಿಕೊಂಡು ಒಳಗೆ ನುಗ್ಗಿದ. ಪಕ್ಕದಿಂದ ಬಾಲು ಅವನ ಕಾಲಿಗೆ ಉರುಳಿ ಬಂತು. ಎದುರಿಗೆ ಹಾಲೇಶಪ್ಪ ಒಬ್ಬನೇ. ಅಷ್ಟು ಹತ್ತಿರದಿಂದ ನಾನು ಒದ್ದರೂ ಗೋಲಾಗುತ್ತಿತ್ತು. ಆಗ ಖುದ್ದೂಸನ ದಂಡು ಒಂದೇ ಉಸಿರಿಗೆ, ಹೊಳೆಯಾಚೆಗೂ ಕೇಳುವಂತೆ ಕೂಗಿತು:

"ಬಿಡಪ್ಪಾ!"

ಗುತ್ತೆಪ್ಪ ಬಿಟ್ಟ.

ಕಾಲಗಲಿಸಿ ಬಾಲಿನ ಮೇಲೆ ದಾಟಿದ. ಹಿಂದೆ ಯಾರೋ ತಮ್ಮವರೇ ಬಾಲು ಕೇಳುತ್ತಿದ್ದಾರೆ ಎಂದು ತಿಳಿದು ಅವರಿಗೆ ಬಿಟ್ಟುಕೊಟ್ಟ. ಹಿಂದೆ ಯಾರೂ ಇರಲಿಲ್ಲ. ಹಾಲೇಶಪ್ಪ ಮಾತ್ರ ಬಿಡಲಿಲ್ಲ. ಆ ಮಾತು ಬಿದ್ದ ಕ್ಷಣವೇ ಮುಂದಕ್ಕೆ ಹಾರಿ, ಬಾಲನ್ನು ಎದೆಗವಚಿಕೊಂಡು ಮಗುಚಿ ಬಿದ್ದ. ರೆಫರಿ ಸೀಟಿ ಊದಿದ ಮೇಲೂ ಕರಿಬಸವರಾಜ ಬಂದು "ಮುಗೀತು, ಕೊಡೋ" ಎನ್ನುವವರೆಗೆ ಅವನು ಅದನ್ನು ಬಿಡಲಿಲ್ಲ.

ಖುದ್ದೂಸ್ ಮೈದಾನದ ಸುತ್ತ ಕಟ್ಟಿದ್ದ ಹಗ್ಗ ದಾಟಿ ಒಳಗೆ ಬಂದ. "ಯಾಕಲೇ ಗುತ್ತೆಪ್ಪ, ಯಾಕ ಬಿಟ್ಟೆ? ಬಾಯಿಗೆ ಬಂದ ತುತ್ತು ಅದು!"

ಗುತ್ತೆಪ್ಪನ ಮುಖದಲ್ಲಿ ರಕ್ತವಿರಲಿಲ್ಲ. "ನೀವೇ ಅಂದ್ರಲ್ಲಣ್ಣ. ಬಿಡಪ್ಪ ಅಂದ್ರಿ, ಬಿಟ್ಟೆ."

"ಅದು ಆ ಗೋಲಿ ಹೆಸರಲೇ!"

"ನಂಗೇನ್ ಗೊತ್ತು? ನಾನು ಬಂದಿದ್ದೇ ಈ ವರ್ಷ. ಆಗಿಂದ ಅವನಿಗೆ ಬಾಲ್ ಬಿಡು ಅಂತಿದ್ದೀರಿ ಅನ್ಕಂಡಿದ್ದೆ, ಈಗ ನನ್ ಕಾಲಾಗೆ ಬಾಲಿತ್ತು, ನಂಗೇ ಅಂದ್ರಿ ಅನ್ಕಂಡೆ."

ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕು, "ಹಂಗಾರೆ ಇನ್ಮ್ಯಾಲೆ ಇವನೇ ನಮ್ ಬಿಡಪ್ಪ!" ಎಂದರು. "ಹರಿಹರದ ಬಿಡಪ್ಪ!" ಎಂದು ಇನ್ನೊಬ್ಬ. ಸೋತ ಜನಕ್ಕೆ ನಗಲು ಒಂದು ನೆಪ ಬೇಕಿತ್ತು. ಬೆನ್ನು ತಟ್ಟುವವರು, ಅಣಕಿಸುವವರು ಎಲ್ಲ ಸೇರಿ ಗುತ್ತೆಪ್ಪನನ್ನು ಮುತ್ತಿಕೊಂಡರು.

ನನಗಂತೂ ಹಾಲು ಕುಡಿದಷ್ಟು ಸಂತೋಷವಾಯಿತು. ಹಾಲೇಶಪ್ಪನ ತೋಳು ಹಿಡಿದು, "ಬಾರಲೇ, ಲಾರಿ ಹತ್ತು. ಪೀಡೆ ತೊಲಗ್ತು. ಹೆಸರು ಇಲ್ಲೇ ಇರ್ಲಿ, ನಾವು ಹೋಗಾನ" ಎಂದೆ.

ಅವನು ಲಾರಿಯ ಹಲಗೆಗೆ ಕೈ ಹಾಕಿದವನು ನಿಂತ. ಗುಂಪಿನ ಕಡೆ ನೋಡಿದ. ನಡುವೆ ಗುತ್ತೆಪ್ಪ ತಲೆ ತಗ್ಗಿಸಿ ಬೂಟಿನ ಲೇಸು ಬಿಚ್ಚುತ್ತಿದ್ದ. ಅದು ಬಿಚ್ಚಿಯೇ ಇತ್ತು, ಆದರೂ ಬಿಚ್ಚುತ್ತಿದ್ದ. ಹಾಲೇಶಪ್ಪ ವಾಪಸ್ಸು ನಡೆದ. ಜಗಳಕ್ಕೆ ಹೋಗುತ್ತಾನೇನೋ ಎಂದು ನಾನೂ ಕರಿಬಸವರಾಜನೂ ಹಿಂದೆಯೇ ಓಡಿದೆವು.

"ಖುದ್ದೂಸಣ್ಣ," ಎಂದ. "ಆ ಹೆಸರು ನಂದು."

"ಏನು?"

"ಬಿಡಪ್ಪ ಅನ್ನಾದು. ನೀವೇ ಇಟ್ಟಿದ್ದು. ಎರಡು ಊರಿಗೂ ಒಬ್ಬ ಬಿಡಪ್ಪ ಸಾಕು. ಇವನಿಗೆ ಬ್ಯಾಡ, ಪಾಪ, ಹೊಸಬ."

ಖುದ್ದೂಸ್ ಅವನನ್ನು ಮೇಲಿಂದ ಕೆಳಗೆ ನೋಡಿದ. ಹಾಲೇಶಪ್ಪನ ಹುಬ್ಬಿನಲ್ಲಿ ಇನ್ನೂ ಒಂದೆಳೆ ಅರಳೆ ಇತ್ತು.

"ಗೆದ್ದೋರು ಷೀಲ್ಡ್ ಒಯ್ತಾರೆ. ನೀನು ಹೆಸರನ್ನೂ ಒಯ್ತೀಯಾ?" ಎಂದವನು ನಕ್ಕುಬಿಟ್ಟ. "ಆತು, ಒಯ್ಯಪ್ಪ! ಏಯ್, ಕೇಳ್ರಲೇ, ಗುತ್ತೆಪ್ಪನಿಗೆ ಯಾರೂ ಏನೂ ಅನ್ನಂಗಿಲ್ಲ."

ಅವನ ಗಂಟಲು ಅಂಥದ್ದು, ಎಲ್ಲರಿಗೂ ಕೇಳಿತು. ಗುತ್ತೆಪ್ಪ ಹಾಲೇಶಪ್ಪನಿಗೆ ಕುಡಿಯಲು ತನ್ನ ನೀರಿನ ತಂಬಿಗೆ ಕೊಟ್ಟ.

ವಾಪಸ್ಸು ಬರುವಾಗ ಲಾರಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಹಾಡು, ಗಲಾಟೆ. ಗೆದ್ದದ್ದು ನಮ್ಮ ಆಟದಿಂದಲೋ, ಅವರ ಬಾಯಿಂದಲೋ ಎಂದು ಮಕ್ತುಮ್ ಸಾಬ್ ಕೇಳಿದ್ದಕ್ಕೆ ದೊಡ್ಡ ವಾದವೇ ಹತ್ತಿತು. ನನ್ನ ಲೆಕ್ಕದಲ್ಲಿ ಎರಡೂ ಸರಿ. ಗುತ್ತೆಪ್ಪ ಬಿಟ್ಟದ್ದು ನಮ್ಮ ಪುಣ್ಯ, ನಿಜ. ಆದರೆ ಬಿಟ್ಟ ಬಾಲು ತಾನಾಗಿ ಕೈಗೆ ಬರುವುದಿಲ್ಲ. ಆ ಮಾತು ಕೇಳಿಯೂ ಮುಂದಕ್ಕೆ ಹಾರುವವನು ಒಬ್ಬ ಬೇಕು. ಹತ್ತು ಜನ ಮಣ್ಣಲ್ಲಿ ಬಿದ್ದೆದ್ದದ್ದೂ ಸುಳ್ಳಲ್ಲ. ನನಗೆ ಇದ್ದ ಚಿಂತೆ ಬೇರೆ. ಹೆಸರನ್ನು ಕೈಯಾರೆ ವಾಪಸ್ಸು ತಂದವನು ಇನ್ನು ಕಾಲೇಜಿಗೆ ಹೋಗುತ್ತಾನೋ ಇಲ್ಲವೋ? ಕೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಅವನು ಷೀಲ್ಡಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದ.

ಸೋಮವಾರ ಬೆಳಿಗ್ಗೆ ಷಾಪು ತೆರೆದು, ಒಂದು ಟ್ಯೂಬನ್ನು ನೀರಿನ ಬಾನಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಾ ಕೂತಿದ್ದೆ. ಕಣ್ಣು ಮಾತ್ರ ರಸ್ತೆಯ ಮೇಲೆ. ಆವರಗೆರೆಯ ಕಡೆಯಿಂದ ಅವನ ಸೈಕಲ್ಲು ಬಂತು, ಹಿಂದೆ ಪುಸ್ತಕ ಕಟ್ಟಿಕೊಂಡು. ಎದುರು ಹೋಟೆಲಿನವನು ದೋಸೆ ಕಾವಲಿಯ ಮುಂದಿನಿಂದಲೇ ಕೂಗಿದ:

"ಏನ್ ಬಿಡಪ್ಪಾ, ಕಾಲೇಜಿಗಾ?"

ನಾನು ಉಸಿರು ಹಿಡಿದೆ.

"ಹೂಂ, ಕಾಲೇಜಿಗೆ," ಎಂದ ಹಾಲೇಶಪ್ಪ. ಸ್ವಲ್ಪ ಮುಂದೆ ಹೋದವನು ತಿರುಗಿ ಹೋಟೆಲಿನ ಕಡೆ ಕೂಗಿದ: "ಸಂಜಿಗೆ ಬರ್ತೀನಿ, ಬೆಣ್ಣೆ ಜಾಸ್ತಿ ಹಾಕು!"

ಬಾನಿಯಲ್ಲಿ ಗುಳ್ಳೆ ಏಳುತ್ತಿತ್ತು. ತೂತು ಸಿಕ್ಕಿತು.