ಮಾದರಿ ಮಗಳು

"ನನ್ನ ಕೂದಲಿಗೆ ಕತ್ತರಿ ಹಾಕುವಾಗ ನಮ್ಮಮ್ಮನ ನೆನಪು ಬರಲಿಲ್ವಾ ಟೀಚರ್? ಇವತ್ತು ಬಂತಾ?"

ವೇದಿಕೆಯ ಪಕ್ಕದ ಪರದೆಯ ಹಿಂದೆ ಪಿಕುನ್ ದನಿ ಏರಿಸಿ ಕೇಳಿದಳು. ಶಿಸ್ತು ನೋಡಿಕೊಳ್ಳುವ ವಿಲೈ ಟೀಚರ್ ಅವಳ ಎಡಗಿವಿಯ ಮೇಲೆ ಮಲ್ಲಿಗೆ ಸಿಕ್ಕಿಸಲು ಹೆಣಗುತ್ತಿದ್ದಳು. ಸೋಮವಾರ ತಡವಾಗಿ ಬಂದದ್ದಕ್ಕೆ ಗೇಟಿನಲ್ಲಿ ನಿಲ್ಲಿಸಿ ಅಲ್ಲಿಯ ಕೂದಲನ್ನು ಬುಡದವರೆಗೆ ಕತ್ತರಿಸಿದವಳು ಅವಳೇ.

"ಬಾಯಿ ಮುಚ್ಚೇ. ಆಚೆ ದೊಡ್ಡ ಸಾಹೇಬ್ರು ಕೂತಿದ್ದಾರೆ."

ಗಾಲಿಕುರ್ಚಿಯಲ್ಲಿದ್ದ ಸಾಂಗ್‌ವಾನ್ ಮಗಳ ಮುಖ ನೋಡಿದಳು. ಸೆಕೆಗೆ ನಾನೇ ಕತ್ತರಿಸ್ಕೊಂಡೆ ಕಣಮ್ಮ ಎಂದಿದ್ದಳಲ್ಲ ಹುಡುಗಿ!

ಹೋದ ವರ್ಷ ಲಕ್ವ ಹೊಡೆದು ಸಾಂಗ್‌ವಾನಳ ಬಲಭಾಗ ಸತ್ತಿತ್ತು, ಕಿವಿ ಸತ್ತಿರಲಿಲ್ಲ. ದಿನಾ ಬೆಳಿಗ್ಗೆ ಮಗಳು ಅವಳ ಹೇಲು ಉಚ್ಚೆ ಬಳಿದು, ಮೈ ಒರೆಸಿ, ಗಂಜಿ ಕುಡಿಸಿ ಓಡುವಷ್ಟರಲ್ಲಿ ಶಾಲೆಯಲ್ಲಿ ಬಾವುಟ ಏರಿ ಗೇಟು ಮುಚ್ಚಿರುತ್ತಿತ್ತು. ಮಧ್ಯಾಹ್ನ ಮನೆಗೆ ಬಂದು ಅಮ್ಮನ ಮಗ್ಗುಲು ಬದಲಿಸಿ ಹೋದರೂ ಅಷ್ಟೇ. ಹಾಜರಿ ಸಾಲದು, ಪರೀಕ್ಷೆಗೆ ಕೂರುವಂತಿಲ್ಲ ಎಂದು ಹೇಳಿಯೂ ಆಗಿತ್ತು. ಮೊದಲ ಪೀರಿಯಡ್ಡಿಗೆ ವಿನಾಯಿತಿ ಕೊಡಿ ಎಂದು ಹುಡುಗಿ ಕೈಮುಗಿದು ಕೇಳಿದ್ದಳು. ಕೊಟ್ಟದ್ದು ಪ್ರಶಸ್ತಿ. ತಾಯಂದಿರ ದಿನಕ್ಕೆ, 'ಮಾದರಿ ಮಗಳು'.

ಹೆಡ್‌ಮಾಸ್ತರ್ ಬೆವರು ಒರೆಸುತ್ತ ಬಂದ. "ಏನಮ್ಮಾ ರಗಳೆ? ಇಡೀ ಜಿಲ್ಲೆಗೆ ನೀನೊಬ್ಳೇ. ಸ್ವಲ್ಪ ನಗಬಾರ್ದಾ?"

"ಪರೀಕ್ಷೆಗೆ ಕೂರಿಸ್ತೀರಾ ಸಾರ್?"

"ಅದು ಬೇರೆ, ಇದು ಬೇರೆ. ನಿನಗೊಬ್ಳಿಗೆ ಬಿಟ್ರೆ ನಾಳೆ ಶಾಲೆಯ ಎಲ್ಲಾ ಅಮ್ಮಂದಿರಿಗೂ ಕಾಯಿಲೆ ಬರುತ್ತೆ."

ವಿಲೈ ಟೀಚರ್ ಕಿಸಕ್ಕನೆ ನಕ್ಕಳು.

ನಾಲ್ವರು ಹುಡುಗರು ಕುರ್ಚಿಯನ್ನೇ ಎತ್ತಿ ವೇದಿಕೆಗೆ ತಂದರು. ಪಿಕುನ್ ಮಂಡಿಯೂರಿ ಅಮ್ಮನ ಪಾದಕ್ಕೆ ಹಣೆ ಹಚ್ಚಿದಳು. ಮಲ್ಲಿಗೆ ಜಾರಿತು. ಕತ್ತರಿ ತಾಗಿದ ಗಾಯ ಕಿವಿಯ ಮೇಲೆ ಇನ್ನೂ ಹಸಿಯಾಗಿತ್ತು. ಕ್ಯಾಮೆರಾಗಳು ಮಿಂಚಿದವು.

"ತಾಯಿ ಈಗ ಎರಡು ಮಾತಲ್ಲಿ ಹರಸ್ತಾರೆ," ಎಂದು ಹೆಡ್‌ಮಾಸ್ತರ್ ಮೈಕನ್ನು ಅವಳ ಬಾಯಿಗೆ ಹಿಡಿದ.

ಸಾಂಗ್‌ವಾನ್ ಎಡಗೈಯಿಂದ ಅವನ ಮುಂಗೈಯನ್ನು ಬಿಗಿಯಾಗಿ ಹಿಡಿದಳು. ಒಂದೊಂದೇ ಮಾತನ್ನು ಕಲ್ಲಿನಂತೆ ಉರುಳಿಸಿದಳು. "ಇವಳ ಕೂದ್ಲು... ಕತ್ತರಿಸಿದ್ದು... ಇವರೇ. ಪರೀಕ್ಷೆಗೂ... ಬಿಡಲ್ವಂತೆ."

ಮುಂದಿನ ಸಾಲಿನ ಹೆಂಗಸರ ಬೀಸಣಿಗೆಗಳು ನಿಂತವು. ಹೆಡ್‌ಮಾಸ್ತರ್ ಕೈ ಕಿತ್ತುಕೊಂಡು, "ಪಾಪ, ಕಾಯಿಲೆ. ಏನೇನೋ ಬಡಬಡಿಸ್ತಾರೆ," ಎಂದು ಚಪ್ಪಾಳೆಗೆ ಸನ್ನೆ ಮಾಡಿದ. ಅಲ್ಲೊಂದು ಇಲ್ಲೊಂದು ಚಪ್ಪಾಳೆ ಬಿತ್ತು.

"ಮನೆಗೆ," ಎಂದಳು ಸಾಂಗ್‌ವಾನ್.

ಕುರ್ಚಿ ಶಾಲೆಯವರದು, ಫೋಟೋಗೆಂದು ತಂದದ್ದು. ಪಿಕುನ್ ಬೆನ್ನು ಕೊಟ್ಟು ಕುಕ್ಕರಿಸಿದಳು. ಅಮ್ಮನ ಕೈಗಳನ್ನು ತನ್ನ ಕೊರಳಿಗೆ ಬಳಸಿಕೊಂಡು ಎದ್ದಳು. ಪ್ರಶಸ್ತಿಯ ಕಪ್ಪು ಮೇಜಿನ ಮೇಲೇ ಉಳಿಯಿತು.

"ಈಗ ಹೋದ್ರೆ ಮತ್ತೆ ಈ ಗೇಟಿನೊಳಗೆ ಕಾಲಿಡಬೇಡ!" ಹೆಡ್‌ಮಾಸ್ತರ್ ಹಲ್ಲು ಕಚ್ಚಿ ಹೇಳಿದ.

"ನಿಮ್ಮ ಗೇಟು ನನಗೆ ತೆರೆದಿದ್ದು ಯಾವಾಗ ಸಾರ್?"

ಮೈದಾನ ದಾಟುವಾಗ ಹುಡುಗಿ ಏದುಸಿರು ಬಿಟ್ಟಳು. "ನಿನ್ನೆಗಿಂತ ಭಾರ ಆಗಿದೀಯ ಕಣಮ್ಮ."

"ನೀನೇ... ತಿನ್ನಿಸಿದ್ದು."

ಗೇಟಿನ ಹತ್ತಿರ ಸಾಂಗ್‌ವಾನಳ ಬಲಗಾಲಿನ ಚಪ್ಪಲಿ ಕಳಚಿ ಬಿತ್ತು. ಆ ಕಾಲಿಗೆ ಅದು ತಿಳಿಯಲಿಲ್ಲ. ಕಾವಲುಗಾರ ಎತ್ತಿಕೊಂಡು ಕೂಗಿದ. ಇಬ್ಬರಲ್ಲಿ ಒಬ್ಬರೂ ತಿರುಗಲಿಲ್ಲ. ಬಂದಾಗ ಕೊಟ್ಟರಾಯಿತೆಂದು ಅವನು ಅದನ್ನು ಗೇಟಿನ ಕಂಬದ ಮೇಲಿಟ್ಟ. ಮಳೆಗಾಲ ಮುಗಿದು ಪರೀಕ್ಷೆ ಕಳೆದರೂ ಅದು ಅಲ್ಲೇ ಇತ್ತು, ಮಳೆಬಿಸಿಲಿಗೆ ಸೊಟ್ಟಗಾಗಿ.