ಅವಲಕ್ಕಿ ತಿಂದ ಬೆಳಿಗ್ಗೆ

ಉಪವಾಸ ಎಂದರೆ ಏನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷ, ಶನಿವಾರ ತಪ್ಪದೆ ನಮ್ಮ ಮನೆಯಲ್ಲಿ ಉಪವಾಸ. ಅನ್ನ ಮುಟ್ಟುವಂತಿಲ್ಲ, ಈರುಳ್ಳಿ ಸೋಕುವಂತಿಲ್ಲ. ಹಾಲಿನಲ್ಲಿ ನೆನೆಸಿದ ಅವಲಕ್ಕಿ, ಎರಡು ಬಾಳೆಹಣ್ಣು, ಒಂದು ಲೋಟ ಕಾಫಿ. ಇದು ಉಪವಾಸವಲ್ಲ ಎಂದು ಮೈಸೂರಿನಲ್ಲಿ ನಮ್ಮತ್ತೆಯ ಮುಂದೆ ಯಾರಾದರೂ ಅಂದಿದ್ದರೆ ಅವರ ಗತಿ ನೆಟ್ಟಗಿರುತ್ತಿರಲಿಲ್ಲ. ನಾನೂ ಅದೇ ಜಂಬದವಳು. ಆ ಜಂಬವೇ ನನ್ನ ಮನೆ ಹಾಳುಮಾಡಿತು.

ಇವರು, ಎಂದರೆ ನಮ್ಮ ಯಜಮಾನರು ತಿರುಮಲೇಶ, ಒಂದು ಕಂಪನಿಯಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ದಿನಕ್ಕೆ ಎರಡು ಪ್ಯಾಕು ಸಿಗರೇಟು. ಬಿಡಿ ಬಿಡಿ ಎಂದು ನಾನು ಬಾಯಿ ಬಡಿದುಕೊಂಡಿದ್ದೇ ಬಂತು. ಎಂಬತ್ತೇಳನೇ ಇಸವಿ ಫೆಬ್ರವರಿಯಲ್ಲಿ ಕೆಮ್ಮು ಹಿಡಿಯಿತು, ಬಿಡಲಿಲ್ಲ. ಎಕ್ಸ್‌ರೇ ತೆಗೆಸಿದರು, ಗಂಟಲಿನಿಂದ ನಳಿಗೆ ಇಳಿಸಿ ನೋಡಿದರು. ಬಲಗಡೆಯ ಶ್ವಾಸಕೋಶದಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು. ಕ್ಯಾನ್ಸರ್.

ಆಪರೇಷನ್ ಮಾಡುವ ಡಾಕ್ಟರು ಒಳ್ಳೆಯವರು, ಕೂರಿಸಿಕೊಂಡು ವಿವರಿಸಿದರು. ಬಲಗಡೆಯದರಲ್ಲಿ ಮೂರು ಭಾಗ ಇರುತ್ತದಂತೆ. ಗಂಟಿರುವ ಮೇಲಿನ ಭಾಗವನ್ನು ಪೂರ್ತಿ ತೆಗೆದರೆ ಉಳಿದ ಎರಡು ಹಿಗ್ಗಿ ಆ ಜಾಗ ತುಂಬುತ್ತವೆಯಂತೆ. ಗಂಟಿನ ಪಕ್ಕದಲ್ಲೇ ಹೃದಯಕ್ಕೆ ಹೋಗುವ ದೊಡ್ಡ ರಕ್ತನಾಳ. ಈಗ ನಡುವೆ ಒಂದಿಷ್ಟು ಸಂದು ಇದೆ, ಅದಕ್ಕೆ ಅಂಟಿಕೊಂಡರೆ ಯಾರೂ ಕೈ ಹಾಕಲಾರರು, ಈ ತಿಂಗಳೊಳಗೆ ಆಗಿಬಿಡಬೇಕು ಎಂದರು. ಇವರು ಮನೆಗೆ ಬಂದು ಆ ಶ್ವಾಸಕೋಶವನ್ನು ಟ್ರೇಸಿಂಗ್ ಕಾಗದದ ಮೇಲೆ ಅಳತೆ ಹಾಕಿ ಬರೆದರು. ಸಾಯುವ ಭಯ ಇರುವವರು ಹಾಗೆ ಸ್ಕೇಲು ಹಿಡಿದು ಕೂರುತ್ತಾರೆಯೇ ಎಂದು ನನಗೆ ಸಿಟ್ಟೇ ಬಂತು.

ಸಿಗರೇಟು ಅಂದೇ ನಿಂತಿತು. ಆಪರೇಷನ್ನಿಗೆ ಮೊದಲು ಎದೆ ಗಟ್ಟಿಯಾಗಬೇಕು ಎಂದು ನೀರು ತುಂಬಿದ ಸೀಸೆಗೆ ರಬ್ಬರ್ ನಳಿಗೆ ಇಟ್ಟು ದಿನಕ್ಕೆ ಐದಾರು ಸಲ ಊದಿಸಿದರು. ಎಲ್ಲೂ ನಿಲ್ಲದೆ ಮೂರು ಮಹಡಿ ಹತ್ತಿದರೆ ಒಂದು ಭಾಗ ತೆಗೆದರೂ ತಡೆದುಕೊಳ್ಳುತ್ತಾರೆ ಎಂದರು. ಸಾಂತಾಕ್ರೂಜ್‌ನ ನಮ್ಮ ಬಿಲ್ಡಿಂಗಿಗೆ ಲಿಫ್ಟಿಲ್ಲ ಎಂದು ಹದಿನೈದು ವರ್ಷ ಸೊಸೈಟಿಯವರನ್ನು ಬೈದಿದ್ದೆ. ಈಗ ಅದೇ ಮೆಟ್ಟಿಲು ಹತ್ತಿ ಇವರು ಮೂರನೇ ಮಹಡಿಯಲ್ಲಿ ಏದುಸಿರು ಬಿಡುತ್ತ ನಕ್ಕರೆ ನನಗೆ ಹಾಲು ಕುಡಿದಷ್ಟು ಸಂತೋಷವಾಗುತ್ತಿತ್ತು.

ಮಾರ್ಚ್ ಕೊನೆಗೆ ಆಪರೇಷನ್. ಆಸ್ಪತ್ರೆ ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರ. ಡಾಕ್ಟರ ಜೊತೆ ಇಂಗ್ಲಿಷಿನಲ್ಲಿ ಮಾತಾಡುವುದು ನನ್ನ ತಮ್ಮ ಕಿಟ್ಟುವಿನ ಕೆಲಸ. ಅವನು ಮಾಟುಂಗದವನು, ಅಲ್ಲಿನ ಕನ್ನಡ ಸಂಘದ ಕಾರ್ಯದರ್ಶಿ. ರಕ್ತ ಕೊಡಲು ಸಂಘದಿಂದ ನಾಲ್ಕು ಜನರನ್ನು ಅವನೇ ಹಿಡಿದು ತಂದ, ಇಲ್ಲವೆನ್ನುವುದಿಲ್ಲ. ಆದರೆ ಆಪರೇಷನ್ನಿನ ಹಿಂದಿನ ಸಂಜೆ ಸಂಘದಲ್ಲಿ ಯುಗಾದಿಯ ನಾಟಕದ ತಾಲೀಮು ಇತ್ತು. ಮಹಾನುಭಾವ ಅಲ್ಲಿಗೆ ಹೋದ.

ಆ ಸಂಜೆಯೇ ವಾರ್ಡಿನಲ್ಲಿ, ಇವರನ್ನು ಇನ್ನೊಂದು ಎಕ್ಸ್‌ರೇಗೆ ಕರೆದುಕೊಂಡು ಹೋಗಿದ್ದಾಗ, ನರ್ಸಮ್ಮ ಬಂದಳು. ಕೇರಳದವಳು, ಅವಳ ಹಿಂದಿಯೂ ನನ್ನ ಹಿಂದಿಯಷ್ಟೇ ಚೆಂದ. ನನ್ನ ಹಣೆಯ ಕುಂಕುಮ ನೋಡಿ, ಈಕೆಗೆ ಅರ್ಥವಾಗುವ ಮಾತು ಇದೇ ಎಂದುಕೊಂಡಳೋ ಏನೋ, ಬೆರಳು ಅಲ್ಲಾಡಿಸಿ ಅಂದಳು: "ಕಲ್ ಸುಬಹ್ ಉಪವಾಸ್. ಖಾನಾ ನಹೀ."

ಖಾನಾ ಅಂದರೆ ಊಟ. ನಾಳೆ ಬೆಳಿಗ್ಗೆ ಊಟವಿಲ್ಲ, ಉಪವಾಸ. ಇದರಲ್ಲಿ ಕೇಳುವುದೇನಿದೆ? ತಿನ್ನುವುದಕ್ಕೂ ಖಾನಾ ಅಂತಲೇ ಅನ್ನುತ್ತಾರೆ, ಅವಳು ಹೇಳಿದ್ದು ಏನನ್ನೂ ತಿನ್ನಬಾರದು ಎಂದು, ಅದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಮನೆಯಲ್ಲಿ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಸ್ನಾನ ಮಾಡಿ, ಮಡಿಯಲ್ಲಿ ಅವಲಕ್ಕಿ ನೆನೆಸಿ, ಹಾಲು, ಸಕ್ಕರೆ, ಏಲಕ್ಕಿ ಹಾಕಿ ಡಬ್ಬಿ ಕಟ್ಟಿಕೊಂಡು ಲೋಕಲ್ ರೈಲು ಹತ್ತಿದೆ. ಇವರು ಡಬ್ಬಿ ನೋಡಿ ಒಂದು ಗಳಿಗೆ ಅನುಮಾನಿಸಿದರು.

"ತಿನ್ಬಹುದಾ ಕೌಸಲ್ಯಾ?"

"ಉಪವಾಸಕ್ಕೆ ನಡೆಯತ್ತೆ ರೀ. ಅಷ್ಟು ದೊಡ್ಡ ಆಪರೇಷನ್, ಹೊಟ್ಟೇಲಿ ಒಂಚೂರು ಆಧಾರ ಬೇಡ್ವಾ?"

ತಿಂದರು. ಡಬ್ಬಿ ಬಳಿದು ತಿಂದರು. ನಾನು ಹೇಳಿದೆನಲ್ಲ, ಅದಕ್ಕೆ.

ಎಂಟೂವರೆಗೆ ಗಾಡಿಯಲ್ಲಿ ಮಲಗಿಸಿಕೊಂಡು ಹೋದರು. ಒಂಬತ್ತಕ್ಕೆ ವಾಪಸು ತಂದರು. ಒಳಗೆ ಅರಿವಳಿಕೆ ಕೊಡುವ ಡಾಕ್ಟರು ಏನಾದರೂ ತಿಂದಿದ್ದೀರಾ ಎಂದು ಕೇಳಿದ್ದಾರೆ. ಇವರು ಸುಳ್ಳು ಹೇಳುವ ಜಾತಿಯಲ್ಲ. ಖಾನಾ ಇಲ್ಲ, ಬರೀ ಪೋಹಾ ತಿಂದೆ ಅಂದಿದ್ದಾರೆ. ಆ ಡಾಕ್ಟರು ಹೊರಗೆ ಬಂದು ನನಗೆ ಅಂದದ್ದರಲ್ಲಿ ಅರ್ಧ ಅರ್ಥವಾಯಿತು, ಮಿಕ್ಕದ್ದನ್ನು ಪಕ್ಕದ ಮಂಚದ ಕೊರಗಪ್ಪ ತಿಳಿಸಿಹೇಳಿದರು. ಕೊರಗಪ್ಪ ಉಡುಪಿಯ ಕಡೆಯವರು, ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಅಡುಗೆಯವರು, ಇದೇ ಆಪರೇಷನ್ ಆಗಿ ಹತ್ತು ದಿನವಾಗಿತ್ತು.

"ಹೊಟ್ಟೆಯಲ್ಲಿ ಎಂಥದಾದ್ರೂ ಇದ್ರೆ ಮದ್ದು ಕೊಟ್ಟಾಗ ವಾಂತಿ ಬರ್ತದೆ ಅಮ್ಮ. ಅದು ಉಸಿರಿನ ಕೊಳವೆಗೆ ಹೋದ್ರೆ ಮನುಷ್ಯನ ಕತೆ ಮೇಜಿನ ಮೇಲೆಯೇ ಮುಗೀತದೆ. ನೀರು ಸಹ ಕುಡೀಲಿಕ್ಕಿಲ್ಲ. ನಿಮಗೆ ಯಾರೂ ಹೇಳ್ಲಿಲ್ವಾ?"

ಹೇಳಿದ್ದರು. ನನ್ನ ಭಾಷೆಯಲ್ಲೇ ಹೇಳಿದ್ದರು, ಅದೇ ಬಂದ ಕೇಡು.

ಮಾರನೆಯ ದಿನ ಮಾಡುತ್ತಾರೆ ಎಂದುಕೊಂಡಿದ್ದೆ. ಆಪರೇಷನ್ ಮಾಡುವ ಡಾಕ್ಟರು ಅಲ್ಲಿಗೆ ಬರುವುದೇ ವಾರಕ್ಕೆ ಎರಡು ದಿನ, ಪಟ್ಟಿ ತುಂಬಿಹೋಗಿತ್ತು. ಮೇ ಮಧ್ಯದ ದಿನ ಬರೆದುಕೊಟ್ಟು ಮಂಚ ಖಾಲಿ ಮಾಡಿಸಿದರು. ಕಿಟ್ಟು ಹೋಗಿ ಕೈಕಾಲು ಹಿಡಿದ. ಬೇರೆ ಆಸ್ಪತ್ರೆಯಲ್ಲಿ ಕೇಳಿದರೆ ಅಲ್ಲೂ ಸಾಲು, ಮತ್ತೆ ಮೊದಲಿನಿಂದ ಪರೀಕ್ಷೆ. ಏಳು ವಾರ. ಇವರು ಸೀಸೆ ಊದಿದರು, ಮೆಟ್ಟಿಲು ಹತ್ತಿದರು. ನಾನು ಪ್ರತಿ ಕೆಮ್ಮಿಗೂ ಆ ಗಂಟು ರಕ್ತನಾಳದ ಕಡೆಗೆ ಒಂದು ನೂಲು ಸರಿಯಿತು ಎಂದು ಲೆಕ್ಕ ಹಾಕುತ್ತ ಕೂತೆ. ಒಂದು ದಿನವೂ ಇವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೇ ತಿಂಗಳ ಆ ಬೆಳಿಗ್ಗೆ ನಾನು ತುಟಿ ಒದ್ದೆ ಮಾಡಲೂ ಬಿಡಲಿಲ್ಲ. ನಾಲ್ಕೈದು ಗಂಟೆ ಹಿಡಿಯುತ್ತದೆ ಎಂದಿದ್ದರು. ನಾನೂ ಕಿಟ್ಟುವೂ ಬೆಂಚಿನ ಮೇಲೆ ಕೂತೆವು. ಒಂದೂಕಾಲು ಗಂಟೆಯಲ್ಲೇ ಡಾಕ್ಟರು ಹೊರಗೆ ಬಂದರು. ಇಷ್ಟು ಬೇಗ ಮುಗಿಯಿತಲ್ಲ, ಸುಲಭವಾಗಿ ಆಯಿತು ಎಂದು ನಾನು ಎದ್ದು ನಿಂತು ಕೈಮುಗಿದೆ. ಕಿಟ್ಟು ನನ್ನ ಕೈ ಹಿಡಿದು ಕೆಳಗಿಳಿಸಿದ.

ಎದೆ ತೆರೆದು ನೋಡಿದರಂತೆ. ಗಂಟು ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡಿತ್ತಂತೆ. ಬಿಡಿಸಲು ಹೋದರೆ ಅಲ್ಲೇ ಪ್ರಾಣ ಹೋಗುತ್ತದೆ ಎಂದು ಏನನ್ನೂ ತೆಗೆಯದೆ ಹಾಗೆಯೇ ಹೊಲಿದರಂತೆ. ಎಷ್ಟು ದಿನ ಎಂದು ಕಿಟ್ಟು ಕೇಳಿದ್ದಕ್ಕೆ ದೀಪಾವಳಿಯವರೆಗೆ ಎಂದರು. ಮಾರ್ಚಿನಲ್ಲಿ ತೆರೆದಿದ್ದರೆ ಎಂದು ನಾನು ಕಿಟ್ಟುವಿನಿಂದ ಕೇಳಿಸಿದೆ. ಆಗಲೂ ಹೀಗೇ ಇತ್ತೋ ಏನೋ, ಯಾರೂ ಹೇಳಲಾರರು ಎಂದರು ಪುಣ್ಯಾತ್ಮರು. ಆ ಮಾತು ನನಗೆ ಯಾವ ಉಪಯೋಗಕ್ಕೂ ಬರಲಿಲ್ಲ.

ಇವರಿಗೆ ಹೇಳುವುದು ಬೇಡ ಎಂದು ಕಿಟ್ಟು ಅಲ್ಲೇ ತೀರ್ಮಾನಿಸಿದ. ಡಾಕ್ಟರೂ ತಲೆಯಾಡಿಸಿದರು. ನನ್ನನ್ನು ಯಾರು ಕೇಳುತ್ತಾರೆ, ಅವಲಕ್ಕಿ ತಿನ್ನಿಸಿದವಳನ್ನು? ಎಚ್ಚರವಾದಾಗ ಕಿಟ್ಟುವೇ ಗಂಟು ಹೋಯಿತು ಭಾವ ಅಂದ.

ಆಮೇಲೆ ನಡೆದದ್ದು ಗುಣವಾಗುವವರಿಗೆ ಮಾಡುವ ಎಲ್ಲ ಉಪಚಾರ. ಬೆನ್ನಿನಿಂದ ಎದೆಯ ಮುಂಭಾಗದವರೆಗೆ ಎರಡು ಗೇಣುದ್ದದ ಹೊಲಿಗೆ. ಪಕ್ಕೆಯಿಂದ ಹೊರಟ ರಬ್ಬರ್ ನಳಿಗೆ ಮಂಚದ ಕೆಳಗಿನ ಸೀಸೆಗೆ. ಉಸಿರು ಬಿಟ್ಟಾಗ ಅದರ ನೀರಿನಲ್ಲಿ ಗುಳ್ಳೆ ಏಳುತ್ತಿತ್ತು. ಕಫ ನಿಂತರೆ ಅಪಾಯ, ಹೊಲಿಗೆಯ ಮೇಲೆ ದಿಂಬು ಒತ್ತಿಕೊಂಡು ಕೆಮ್ಮಬೇಕು ಎಂದು ಮೊದಲ ದಿನದಿಂದಲೇ ಎಬ್ಬಿಸಿ ಕೂರಿಸಿದರು. ನೋವಿಗೆ ಇವರ ಕಣ್ಣಲ್ಲಿ ನೀರು ಹರಿಯುತ್ತಿತ್ತು, ಕೆಮ್ಮುವುದನ್ನು ಬಿಡಲಿಲ್ಲ. ಬಲಗೈ ಸೆಟೆದುಕೊಳ್ಳಬಾರದೆಂದು ಗೋಡೆಯ ಮೇಲೆ ಬೆರಳುಗಳನ್ನು ಒಂದೊಂದೇ ಇಂಚು ಮೇಲೆ ನಡೆಸಬೇಕು. ಹತ್ತು ಸಲ ಎಂದರೆ ಇವರು ಇಪ್ಪತ್ತು ಸಲ ಮಾಡಿದರು. ನಾನು ದಿಂಬು ಹಿಡಿದುಕೊಂಡು, ಇನ್ನೊಂದು ಸಲ ರೀ, ಇನ್ನೊಂದೇ ಸಲ ಎನ್ನುತ್ತಿದ್ದೆ. ಯಾತಕ್ಕೆ? ಯಾತಕ್ಕೂ ಅಲ್ಲ. ಸುಮ್ಮನೆ ಕೊಯ್ದು ಹೊಲಿದ ಎದೆಯನ್ನು ಗುಣಪಡಿಸುವುದಕ್ಕೆ.

ಮನೆಗೆ ಬಂದ ಮೇಲೆ ಇವರ ಮುಖ ಅರಳಿತು. ನೋಡಲು ಬಂದ ಬಿಲ್ಡಿಂಗಿನವರಿಗೆಲ್ಲ ಮೂರರಲ್ಲಿ ಒಂದು ಕೊಟ್ಟು ಬಂದೆ ಎನ್ನುತ್ತಿದ್ದರು. ನನ್ನ ಕಡೆ ನೋಡಿ, ಇವಳ ಅವಲಕ್ಕಿಯಿಂದ ಎರಡು ತಿಂಗಳು ತಡವಾಯಿತು, ಆದರೂ ಗೆದ್ದೆ ಎಂದು ಕೀಟಲೆ ಮಾಡುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನು ಕಾಫಿ ಬೆರೆಸುವ ನೆಪದಲ್ಲಿ ಒಳಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಳ್ಳುತ್ತಿದ್ದೆ.

ಜೂನ್ ಕೊನೆಯ ಒಂದು ಭಾನುವಾರ ಕೊರಗಪ್ಪ ಬಂದರು. ಚೆನ್ನಾಗಿ ಚೇತರಿಸಿಕೊಂಡಿದ್ದರು, ಮತ್ತೆ ಹೋಟೆಲಿಗೆ ಹೋಗುತ್ತಿದ್ದರು. ಮಾತಿನ ಮಧ್ಯೆ, ತಮ್ಮಿಂದ ತೆಗೆದ ಭಾಗವನ್ನು ಬಟ್ಟಲಲ್ಲಿ ಹಾಕಿ ಹೊರಗೆ ತಂದು ಮಗಳು ಸೇವಂತಿಗೆ ತೋರಿಸಿದ್ದರೆಂದೂ ಅವಳು ಎರಡು ದಿನ ಊಟ ಬಿಟ್ಟಳೆಂದೂ ಹೇಳಿ ನಕ್ಕರು. ಮನೆಯವರಿಗೆ ತೋರಿಸುವುದು ಅಲ್ಲಿಯ ಪದ್ಧತಿಯಂತೆ. ಅವರು ಹೋದ ಮೇಲೆ ಇವರು ಬಾಗಿಲು ಹಾಕಿ ಬಂದು ನನ್ನೆದುರು ಕೂತರು. ನಾನು ಹುರುಳಿಕಾಯಿ ಸೋಸುತ್ತ ಕೂತಿದ್ದೆ.

"ಕೌಸಲ್ಯಾ, ನಿನಗೂ ತೋರಿಸಿದ್ರಾ?"

ಕೈ ನಿಂತಿತು. ತಲೆಯೆತ್ತಿ ಕಣ್ಣಲ್ಲಿ ಕಣ್ಣಿಟ್ಟು, ತೋರಿಸಿದರು ಅಂದೆ.

"ಹೇಗಿತ್ತು?"

ಹೇಳಿದೆ. ಸ್ಟೀಲಿನ ಬಟ್ಟಲು. ಅಂಗೈ ಅಗಲ, ಕಪ್ಪಗೆ, ಒದ್ದೆಯಾಗಿ. ನಡುವೆ ಗಂಟು, ಬೆಳ್ಳಗೆ, ಗಟ್ಟಿಯಾಗಿ, ಸುತ್ತ ಎಲ್ಲೂ ಅಂಟಿಲ್ಲ, ಪೂರ್ತಿ ಬಂದಿದೆ ಎಂದು ಡಾಕ್ಟರು ಬೆರಳಿಟ್ಟು ತೋರಿಸಿದರು. ಇಷ್ಟೆಲ್ಲ ಎಲ್ಲಿಂದ ಬಂತೋ ನನ್ನ ನಾಲಿಗೆಗೆ. ಇವರು ಒಂದೊಂದು ಮಾತನ್ನೂ ಕೇಳಿ, ದೀರ್ಘವಾಗಿ ಉಸಿರು ಬಿಟ್ಟರು.

"ಕಿಟ್ಟು ಹೇಳ್ದಾಗ ನಂಗೆ ನಂಬಿಕೆ ಬರ್ಲಿಲ್ಲ ಕಣೆ. ಮುಖ ಕೊಟ್ಟು ಮಾತಾಡ್ಲಿಲ್ಲ ಅವನು. ನೀನು ಕಣ್ಣಾರೆ ನೋಡಿದೀಯ ಅಂದ್ರೆ ಸಾಕು."

ಆ ಮಧ್ಯಾಹ್ನ ಎರಡು ಸಲ ಅನ್ನ ಬಡಿಸಿಕೊಂಡು ಉಂಡರು. ಒಂದನೇ ತಾರೀಖಿನಿಂದ ಕೆಲಸಕ್ಕೆ ಬರುತ್ತೇನೆ ಎಂದು ಆಫೀಸಿಗೆ ಪತ್ರ ಬರೆದು, ಅಂಟು ಹಚ್ಚಿ ನನ್ನ ಕೈಗೆ ಕೊಟ್ಟರು.

ಸೋಮವಾರ ಬೆಳಿಗ್ಗೆ ಬಚ್ಚಲಲ್ಲಿ ಕೆಮ್ಮು ಕೇಳಿಸಿತು. ತುಂಬ ಹೊತ್ತು ಕೆಮ್ಮಿದರು. ಬಾಗಿಲು ತೆಗೆದುಕೊಂಡು ಹೊರಗೆ ಬಂದಾಗ ಕೈಯಲ್ಲಿದ್ದ ಟವೆಲಿನ ತುಂಬ ರಕ್ತ. ಇವರು ಅದನ್ನು ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತರು.